ಗೈಡನ್ನು ಯಾವಾಗ ತೆರೆಯಬೇಕು? ‘ಚೋಮನ ದುಡಿ’ ಓದುವವರಿಗೊಂದು ದಾರಿ

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯ ಮೇಲೆ ಪದವಿ ತರಗತಿಯವರು ಬರೆದ ಉತ್ತರಪತ್ರಿಕೆಗಳ ಒಂದು ಕಟ್ಟನ್ನು ತಿದ್ದುತ್ತಿದ್ದೆ. ‘ಚೋಮನು ಶೋಷಿತ ಸಮುದಾಯದ ಪ್ರತೀಕವಾಗಿದ್ದಾನೆ, ದುಡಿಯು ಅವನ ಮೂಕ ಪ್ರತಿಭಟನೆಯ ಸಂಕೇತವಾಗಿದೆ’ ಎಂಬ ಒಂದೇ ವಾಕ್ಯ ಪತ್ರಿಕೆಯಿಂದ ಪತ್ರಿಕೆಗೆ ಎದುರಾಗುತ್ತಿತ್ತು. ಕಾರಟಗಿಯ ಹುಡುಗ, ಸಿಂಧನೂರಿನ ಹುಡುಗಿ, ಮಸ್ಕಿಯಿಂದ ಬಸ್ಸಿಗೆ ಬರುವವರು, ಎಲ್ಲರೂ ಅದನ್ನೇ ಬರೆದಿದ್ದರು. ಅಲ್ಪವಿರಾಮ ಕೂಡ ಅದೇ ಜಾಗದಲ್ಲಿತ್ತು. ಒಬ್ಬಳ ಪತ್ರಿಕೆಯ ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತು ಕಂಡಿತು. ಬೆಳಕಿಗೆ ಹಿಡಿದು ಓದಿದೆ: ‘ದುಡಿ ಎಂದರೆ ದುಡಿಮೆ ಅಂದುಕೊಂಡಿದ್ದೆ. ವಾದ್ಯ ಎಂದು ಆಮೇಲೆ ತಿಳಿಯಿತು.’

ಆ ಇಡೀ ಕಟ್ಟಿನಲ್ಲಿ ಪುಸ್ತಕವನ್ನು ಮುಟ್ಟಿದ ಸಾಲು ಅದೊಂದೇ. ನಮ್ಮ ರಾಯಚೂರು, ಕೊಪ್ಪಳದ ಕಡೆ ದುಡಿ ಎಂಬ ಚರ್ಮವಾದ್ಯದ ಬಳಕೆ ಇಲ್ಲ. ಹಲಗೆ ಗೊತ್ತು, ಡೊಳ್ಳು ಗೊತ್ತು. ದುಡಿ ಎಂದರೆ ನಮಗೆ ಮೊದಲು ಕೇಳುವುದು ‘ಕೆಲಸ ಮಾಡು’ ಎಂಬ ಕ್ರಿಯಾಪದ. ಜೀವಮಾನವಿಡೀ ಬೇರೆಯವರ ಗದ್ದೆಯಲ್ಲಿ ದುಡಿದು, ಸ್ವಂತಕ್ಕೆ ಉಳಲು ಒಂದು ತುಂಡು ನೆಲ ಸಿಗದವನ ಕಥೆಗೆ ಆ ಹೆಸರು ಎರಡು ದನಿಯಲ್ಲಿ ಕೇಳುತ್ತದೆ. ಆ ಹುಡುಗಿಗೆ ಅದು ತಾನಾಗಿ ಕೇಳಿಸಿತ್ತು. ಗೈಡಿನಲ್ಲಿ ಇಲ್ಲದ ಕಾರಣ ತಪ್ಪು ಎಂದುಕೊಂಡು ಅಳಿಸಿಬಿಟ್ಟಳು. ಈ ಲೇಖನವನ್ನು ನಾನು ಬರೆಯುತ್ತಿರುವುದು ಮುಂದೆ ಯಾರೂ ಹಾಗೆ ಅಳಿಸಬಾರದು ಎಂದು.

ಗೈಡುಗಳ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಪುಸ್ತಕವೇ ಇಲ್ಲದ, ಓದಿದ್ದನ್ನು ಚರ್ಚಿಸಲು ಯಾರೂ ಇಲ್ಲದ ವಿದ್ಯಾರ್ಥಿಗೆ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಸ್ಪೈರಲ್ ಹಾಕಿದ ನೋಟ್ಸ್ ಎಷ್ಟೋ ಸಲ ಮೊದಲ ಮೇಷ್ಟ್ರು. ನಾನೂ ಅಂಥ ನೋಟ್ಸಿನಿಂದಲೇ ವಿಮರ್ಶೆ ಎಂಬ ಮಾತನ್ನು ಕಲಿತವನು. ಅದನ್ನು ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ತೆರೆಯಬೇಕು ಎಂಬುದನ್ನು ಮಾತ್ರ ನಮಗೆ ಯಾರೂ ಹೇಳಿಕೊಡುವುದಿಲ್ಲ. ಇಲ್ಲಿ ‘ಚೋಮನ ದುಡಿ’ಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಕ್ರಮ ಬೇರೆ ಯಾವ ಹಳೆಯ ಕಾದಂಬರಿಗೂ ಹೊಂದುತ್ತದೆ.

ಮೊದಲ ಓದು: ಗೈಡು ಚೀಲದಲ್ಲೇ ಇರಲಿ

ಪುಸ್ತಕ, ಪೆನ್ಸಿಲು, ಒಂದು ನೋಟ್‌ಬುಕ್ಕು ಸಾಕು. ಪುಸ್ತಕ ಕಾಗದದ್ದೇ ಆಗಿರಲಿ. ಮೊಬೈಲಿನಲ್ಲಿ ಓಡಾಡುವ ಪ್ರತಿಗಳಲ್ಲಿ ಪುಟಗಳು ತಪ್ಪಿರುತ್ತವೆ, ಅಂಚಿನಲ್ಲಿ ಗೀಚಲು ಆಗುವುದಿಲ್ಲ. ಕೊಳ್ಳಲು ಆಗದಿದ್ದರೆ ಕಾಲೇಜಿನ ಅಥವಾ ಊರಿನ ಗ್ರಂಥಾಲಯದ ಪ್ರತಿ ತಂದು, ಗುರುತುಗಳನ್ನು ನೋಟ್‌ಬುಕ್ಕಿನಲ್ಲಿ ಪುಟಸಂಖ್ಯೆಯೊಡನೆ ಹಾಕಿಕೊಳ್ಳಿ. ಇದು ಸಣ್ಣ ಕಾದಂಬರಿ. ಮನಸ್ಸಿಟ್ಟು ಕುಳಿತರೆ ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ.

ಮೊದಲ ಓದಿನಲ್ಲಿ ನಿಲ್ಲಬೇಡಿ. ಗೊತ್ತಿಲ್ಲದ ಪದ ಬಂದರೆ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಮುಂದೆ ಸಾಗಿ. ಎದೆ ಹಿಂಡಿದ ಕಡೆ ಒಂದು ಗೆರೆ. ಬೇಸರ ಬಂದ ಕಡೆಯೂ ಒಂದು ಗೆರೆ ಹಾಕಿ. ಬೇಸರವನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು, ಆದರೆ ನಿಮಗೆ ಬೇಸರವಾದ ಪುಟದಲ್ಲಿ ಎಷ್ಟೋ ಸಲ ನಿಮಗೆ ಪರಿಚಯವಿಲ್ಲದ ಒಂದು ಬದುಕು ಇರುತ್ತದೆ.

ಮುಗಿದ ಕೂಡಲೇ, ಯಾರ ಜೊತೆಗೂ ಮಾತಾಡುವ ಮೊದಲು, ಮೂರು ಪ್ರಶ್ನೆಗಳನ್ನು ಬರೆಯಿರಿ. ಉತ್ತರ ಬೇಡ, ಪ್ರಶ್ನೆ ಮಾತ್ರ. ‘ಚೋಮ ಯಾಕೆ ಮತಾಂತರವಾಗಲಿಲ್ಲ’ ಎಂಬಂಥ ಪರೀಕ್ಷೆಯ ಪ್ರಶ್ನೆಗಳು ಬೇಡ. ‘ಎತ್ತುಗಳನ್ನು ಮಾರಿಬಿಟ್ಟಿದ್ದರೆ ಸಾಲ ತೀರುತ್ತಿತ್ತಲ್ಲ, ಯಾಕೆ ಮಾರಲಿಲ್ಲ’ ಎಂದು ಒಬ್ಬ ರೈತರ ಮಗ ಕೇಳಿದ್ದ. ಅದು ನಿಜವಾದ ಪ್ರಶ್ನೆ. ಉಳುವ ಹಕ್ಕೇ ಇಲ್ಲದವನು ಕಾಡಿನಲ್ಲಿ ಸಿಕ್ಕ ಜೋಡಿ ಎತ್ತುಗಳನ್ನು ಸಾಕುತ್ತಾನೆ. ಅದರ ಒಳಗೆ ಇಡೀ ಕಾದಂಬರಿ ಇದೆ.

ಗೈಡಿಗೆ ಮೊದಲ ಕೆಲಸ: ಪದಗಳು

ಈಗ ಗೈಡನ್ನು ತೆಗೆಯಿರಿ. ಆದರೆ ಸಾರಾಂಶದ ಪುಟಕ್ಕೆ ಹೋಗಬೇಡಿ, ನಿಮ್ಮ ಪ್ರಶ್ನೆಚಿಹ್ನೆಗಳ ಪಟ್ಟಿಯೊಡನೆ ಪದಾರ್ಥದ ಪುಟಕ್ಕೆ ಹೋಗಿ. ನಮ್ಮ ಸೀಮೆಯ ಓದುಗರಿಗೆ ಈ ಹಂತ ಬಹಳ ಮುಖ್ಯ. ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ, ಕರಾವಳಿಯ ಕೋಟದಲ್ಲಿ. ಕಾದಂಬರಿಯ ನೆಲ ತುಳುನಾಡು. ಚೋಮನ ಮನೆಯಲ್ಲಿ ಆಡುವ ಭಾಷೆ ತುಳು ಎಂದು ಊಹಿಸಿಕೊಳ್ಳಬೇಕು, ನಾವು ಅದನ್ನು ಕನ್ನಡದಲ್ಲಿ ಓದುತ್ತಿದ್ದೇವೆ. ನಾನು ನೋಡಿದ ಹೆಚ್ಚಿನ ಗೈಡುಗಳು ಇಷ್ಟನ್ನೂ ಹೇಳುವುದಿಲ್ಲ.

ಪೂರ್ತಿ ಹೊಸ ಪದಗಳಿಂದ ತೊಂದರೆಯಿಲ್ಲ, ಅವು ಕಣ್ಣಿಗೆ ಬೀಳುತ್ತವೆ. ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದಾಗ ನಾವು ಎಡವುತ್ತೇವೆ. ‘ಭೂತ’ ಎಂದರೆ ಕೊಪ್ಪಳದ ಹುಡುಗನಿಗೆ ದೆವ್ವ. ತುಳುನಾಡಿನಲ್ಲಿ ಭೂತ ಎಂದರೆ ಕೋಲ ಕೊಟ್ಟು, ಹರಕೆ ಹೊತ್ತು, ನ್ಯಾಯ ಕೇಳುವ ದೈವ. ಪಂಜುರ್ಲಿ, ಜುಮಾದಿ ಅಂಥ ದೈವಗಳು. ಚೋಮ ಭೂತಕ್ಕೆ ಹೆದರಿದ ಎಂದು ಓದಿ ‘ಮೂಢನಂಬಿಕೆ’ ಎಂದು ಬರೆದುಬಿಟ್ಟರೆ ಕಾದಂಬರಿಯ ಒಂದು ಮುಖ್ಯ ಬಾಗಿಲು ಮುಚ್ಚಿದ ಹಾಗೆ. ‘ಘಟ್ಟ’ ಎಂದರೆ ಕರಾವಳಿಯವರಿಗೆ ಮೇಲಿನ ಕಾಫಿ ಸೀಮೆ, ಕೂಲಿಗೆ ಹತ್ತಿ ಹೋಗುವ ಜಾಗ, ಜ್ವರ ಹೊತ್ತು ಇಳಿಯುವ ಜಾಗ. ‘ಗೇಣಿ’ ಎಂದು ಕಂಡರೆ ನಮ್ಮ ಕೋರು, ಗುತ್ತಿಗೆಗಳನ್ನು ನೆನಪಿಸಿಕೊಳ್ಳಿ. ಕಳ್ಳನ್ನು ರಾಯಚೂರಿನವರು ಸೇಂದಿ ಎಂದುಕೊಂಡರೆ ಸರಿ. ‘ಧಣಿ’ ಎಂಬಲ್ಲಿ ನಮ್ಮ ‘ಸಾಹುಕಾರ’ನನ್ನು ಇಟ್ಟು ನೋಡಿದರೆ ಅಂಗಳದಲ್ಲಿ ನಿಂತವನ ಬೆನ್ನು ಎಷ್ಟು ಬಾಗಿರುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಗೈಡಿನಲ್ಲಿ ಸಿಗದ ಪದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದೆ. 1894ರ ಕಿಟ್ಟೆಲ್ ನಿಘಂಟನ್ನೂ ನೋಡಿ. ಕಿಟ್ಟೆಲ್ ಕರಾವಳಿಯಲ್ಲೂ ಧಾರವಾಡದಲ್ಲೂ ಬದುಕಿದವರು, ಹಾಗಾಗಿ ಎರಡೂ ಕಡೆಯ ಮಾತಿಗೆ ಅವರ ಕಿವಿ ತೆರೆದಿತ್ತು.

ಎರಡನೆಯ ಕೆಲಸ: ಇಸವಿಗಳು, ಜೊತೆಗೆ ಗೈಡಿನ ಪರೀಕ್ಷೆ

ಕಾದಂಬರಿ ಬಂದದ್ದು 1933ರಲ್ಲಿ. ನೋಟ್‌ಬುಕ್ಕಿನಲ್ಲಿ ಒಂದು ಉದ್ದ ಗೆರೆ ಎಳೆದು ಅದರ ಮೇಲೆ ಈ ಇಸವಿಯನ್ನು ಗುರುತಿಸಿ. ಹಿಂದಿನ ವರ್ಷ, 1932ರಲ್ಲಿ, ದಲಿತರ ಮೀಸಲು ಸ್ಥಾನಗಳ ಬಗ್ಗೆ ಗಾಂಧಿ, ಅಂಬೇಡ್ಕರರ ನಡುವೆ ಆದ ಪೂನಾ ಒಪ್ಪಂದ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದದ್ದು 1950ರಲ್ಲಿ, ಅದಕ್ಕೆ ಶಿಕ್ಷೆಯ ಕಾನೂನು 1955ರಲ್ಲಿ. ಗೇಣಿದಾರನಿಗೆ ನೆಲ ಕೊಡಿಸಿದ ಕರ್ನಾಟಕದ ಭೂಸುಧಾರಣೆ ತಿದ್ದುಪಡಿ 1974ರದು. ಜೀತ ನಿಷೇಧದ ಕಾನೂನು 1976ರದು. ಚೋಮ ಅಂಗಳದಲ್ಲಿ ನಿಂತು ನೆಲ ಕೇಳುವಾಗ ಈ ಕಾನೂನುಗಳೊಂದೂ ಇರಲಿಲ್ಲ. ‘ಕಾನೂನಿನ ಅರಿವಿಲ್ಲದ ಚೋಮ’ ಎಂದು ಒಂದು ನೋಟ್ಸಿನಲ್ಲಿ ಓದಿದ್ದೇನೆ. ಇಲ್ಲದ ಕಾನೂನಿನ ಅರಿವು ಎಲ್ಲಿಂದ ಬರಬೇಕು?

ಅದೇ ಗೆರೆಯ ಕೆಳಗೆ ನಿಮ್ಮ ಊರನ್ನೂ ಬರೆಯಿರಿ. 1933ರಲ್ಲಿ ದಕ್ಷಿಣ ಕನ್ನಡವೂ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ, ಎರಡೂ ನಿಜಾಮರ ಆಳ್ವಿಕೆಯಲ್ಲಿದ್ದವು; 1948ರವರೆಗೂ ಹಾಗೆಯೇ. ತುಂಗಭದ್ರಾ ಅಣೆಕಟ್ಟು ಇರಲಿಲ್ಲ, ಎಡದಂಡೆ ಕಾಲುವೆಯಾಗಲಿ ಈಗ ಗಂಗಾವತಿ, ಸಿಂಧನೂರುಗಳಲ್ಲಿ ಕಾಣುವ ಭತ್ತದ ಬಯಲಾಗಲಿ ಇರಲಿಲ್ಲ. ಆಗ ನಮ್ಮೂರಲ್ಲಿ ಯಾರ ಹೊಲವನ್ನು ಯಾರು ಉಳುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ. ಅಜ್ಜ ಹೇಳಿದ ನಾಲ್ಕು ಮಾತು ಗೈಡಿನ ‘ಸಾಮಾಜಿಕ ಹಿನ್ನೆಲೆ’ ಎಂಬ ಪುಟಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇದೇ ಹಂತದಲ್ಲಿ ನಿಮ್ಮ ಗೈಡಿಗೆ ಒಂದು ಪರೀಕ್ಷೆ ಇಡಿ. ಮೂರು ಸಂಗತಿ ನೋಡಿ. ಕಾರಂತರಿಗೆ ಜ್ಞಾನಪೀಠ ಬಂದದ್ದು 1977ರಲ್ಲಿ, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ಅದನ್ನು ‘ಚೋಮನ ದುಡಿ’ಯ ತಲೆಗೆ ಕಟ್ಟಿದೆಯೇ? 1975ರ ‘ಚೋಮನ ದುಡಿ’ ಚಲನಚಿತ್ರವನ್ನು ನಿರ್ದೇಶಿಸಿದವರು ಬಿ.ವಿ. ಕಾರಂತರು, ಇಬ್ಬರು ಕಾರಂತರನ್ನು ಒಬ್ಬರನ್ನಾಗಿ ಮಾಡಿದೆಯೇ? ಚೋಮನ ಮಕ್ಕಳು ಐವರು, ನಾಲ್ಕು ಗಂಡು ಒಂದು ಹೆಣ್ಣು. ಲೆಕ್ಕ ಸರಿ ಇದೆಯೇ? ಮೂರರಲ್ಲಿ ಎರಡು ತಪ್ಪಿದ್ದರೆ ಆ ಗೈಡನ್ನು ಕೆಳಗಿಡಿ. ಸಂಗತಿ ತಪ್ಪುವವರು ಅರ್ಥವನ್ನೂ ಕಣ್ಣುಮುಚ್ಚಿ ನಕಲು ಮಾಡಿರುತ್ತಾರೆ. ಒಂದು ಎಚ್ಚರ: ಸ್ವರ್ಣಕಮಲ ಪಡೆದ ಆ ಚಿತ್ರವನ್ನು ಖಂಡಿತ ನೋಡಿ, ಆದರೆ ಎರಡನೆಯ ಓದು ಮುಗಿದ ಮೇಲೆ. ಮೊದಲೇ ನೋಡಿದರೆ ಎಂ.ವಿ. ವಾಸುದೇವರಾಯರ ಮುಖವೇ ಚೋಮನ ಮುಖವಾಗಿ ನಿಂತುಬಿಡುತ್ತದೆ, ಚಿತ್ರದ ಪ್ರಸಂಗವನ್ನು ಕಾದಂಬರಿಯದೆಂದು ಬರೆಯುವ ಅಪಾಯವೂ ಇದೆ.

ಎರಡನೆಯ ಓದು: ಒಂದು ಎಳೆ ಹಿಡಿದು

ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ. ಎಲ್ಲವನ್ನೂ ಗಮನಿಸಲು ಹೋಗಬೇಡಿ. ಒಂದೇ ವಸ್ತುವನ್ನು ಆರಿಸಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಅದರ ಹಿಂದೆ ನಡೆಯಿರಿ. ದುಡಿಯನ್ನೇ ಹಿಡಿಯೋಣ. ನೋಟ್‌ಬುಕ್ಕಿನ ಎರಡು ಪುಟ ಸೇರಿಸಿ ನಾಲ್ಕು ಮನೆಗಳ ಪಟ್ಟಿ ಹಾಕಿ: ಪುಟಸಂಖ್ಯೆ, ದುಡಿಯ ದನಿಗೆ ಮುಂಚೆ ನಡೆದದ್ದು, ಯಾರು ಕೇಳಿಸಿಕೊಳ್ಳುತ್ತಿದ್ದಾರೆ, ದನಿ ನಿಂತ ಮೇಲೆ ಏನಾಯಿತು. ದುಡಿ ಬಂದಾಗಲೆಲ್ಲ ಒಂದು ಸಾಲು ತುಂಬಿ. ನಿಮ್ಮ ವ್ಯಾಖ್ಯಾನ ಬೇಡ, ಪುಟದಲ್ಲಿ ಇರುವುದಷ್ಟೇ.

ಪಟ್ಟಿ ಮುಗಿದ ಮೇಲೆ ಗೈಡಿನ ಆ ಹೆಸರಾದ ವಾಕ್ಯವನ್ನು ಪಕ್ಕದಲ್ಲಿಡಿ: ‘ದುಡಿಯು ಮೂಕ ಪ್ರತಿಭಟನೆಯ ಸಂಕೇತ.’ ಈಗ ಒಂದೊಂದು ಸಾಲಿಗೂ ಕೇಳಿ, ಇಲ್ಲಿ ಇದು ಪ್ರತಿಭಟನೆಯೇ? ಕುಡಿದು ಮೈ ಹಗುರಾದ ಹೊತ್ತಿನಲ್ಲೂ ಚೋಮನ ಕೈ ದುಡಿಗೆ ಹೋಗುತ್ತದೆ, ದುಃಖ ಒತ್ತಿ ಬಂದಾಗಲೂ ಹೋಗುತ್ತದೆ. ಕೆಲವೆಡೆ ಅದು ಸಂತೋಷ, ಕೆಲವೆಡೆ ಅಭ್ಯಾಸ, ಕೆಲವೆಡೆ ಹೆಸರಿಡಲಾಗದ ಇನ್ನೇನೋ. ‘ಸಂಕೇತ’ ಎಂಬ ಒಂದು ಪದ ಈ ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಬಾಯಿ ಕಟ್ಟುತ್ತದೆ. ಗೈಡಿನ ವಾಕ್ಯ ಪೂರ್ತಿ ಸುಳ್ಳೇನಲ್ಲ. ಕೆಲವು ಪುಟಗಳಿಗೆ ಅದು ಸಲ್ಲುತ್ತದೆ. ಯಾವ ಪುಟಗಳಿಗೆ ಎಂದು ಹೇಳಬಲ್ಲವರು ಈಗ ನೀವು, ಗೈಡು ಬರೆದವರಿಗೂ ಅದು ತಿಳಿದಿರಲಿಕ್ಕಿಲ್ಲ.

ಮೂರನೆಯ ಮನೆಯನ್ನು, ‘ಯಾರು ಕೇಳಿಸಿಕೊಳ್ಳುತ್ತಿದ್ದಾರೆ’ ಎಂಬುದನ್ನು, ಹಗುರಾಗಿ ನೋಡಬೇಡಿ. ಇಲ್ಲಿ ನಮ್ಮ ನೆಲದ ಅನುಭವ ನೆರವಿಗೆ ಬರುತ್ತದೆ, ದಾರಿಯನ್ನೂ ತಪ್ಪಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಹಲಗೆಯ ದನಿ ಕೇಳಿ ಬೆಳೆದವರು ದುಡಿಯನ್ನು ಹಲಗೆಯೊಡನೆ ಹೋಲಿಸುತ್ತಾರೆ. ಹೋಲಿಸಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಹಲಗೆಯನ್ನು ಊರು ಕರೆಯುತ್ತದೆ. ಜಾತ್ರೆಗೆ, ಹಬ್ಬಕ್ಕೆ, ಸಾವಿಗೆ ಊರಿನ ಸಲುವಾಗಿ ಬಾರಿಸಬೇಕು. ಅದು ಎಷ್ಟೋ ಕಾಲ ಬಿಟ್ಟಿ ಚಾಕರಿಯೂ ಆಗಿತ್ತು. ಚೋಮನ ದುಡಿಯನ್ನು ಯಾರೂ ಕರೆಯುವುದಿಲ್ಲ. ತನ್ನ ಗುಡಿಸಲಿನಲ್ಲಿ, ತನಗಾಗಿ, ತನ್ನವರ ನಡುವೆ ಅವನು ಬಾರಿಸುತ್ತಾನೆ. ಅವನ ಬದುಕಿನಲ್ಲಿ ಯಾರ ಅಪ್ಪಣೆಯೂ ಬೇಡದ ಕೆಲಸ ಇದೊಂದೇ. ಈ ವ್ಯತ್ಯಾಸವನ್ನು ನನಗೆ ತೋರಿಸಿದ್ದು ಯಾವ ವಿಮರ್ಶೆಯೂ ಅಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಹಲಗೆ ಬಾರಿಸುವ ಮನೆತನದ ಒಬ್ಬ ಹುಡುಗ ತಾನಾಗಿ ಎದ್ದು ಹೇಳಿದ ಮಾತು ಅದು. ತಾನಾಗಿ ಎಂಬುದನ್ನು ಒತ್ತಿ ಹೇಳುತ್ತೇನೆ. ಗುಂಪಿನಲ್ಲಿ ಓದುವಾಗ ಯಾರನ್ನೂ ಅವರ ಜಾತಿಯ ಅನುಭವ ಹೇಳೆಂದು ಒತ್ತಾಯಿಸಬಾರದು. ಅವರು ಕಾದಂಬರಿ ಓದಲು ಬಂದಿದ್ದಾರೆ, ಸಾಕ್ಷಿ ಹೇಳಲು ಬಂದಿಲ್ಲ.

ದುಡಿಯ ಬದಲು ಎತ್ತುಗಳನ್ನು ಹಿಡಿಯಬಹುದು, ಸಾಲದ ಮೊತ್ತವನ್ನು ಹಿಡಿಯಬಹುದು. ಚೋಮನ ಮಗಳು ಬೆಳ್ಳಿಯನ್ನು ಹಿಡಿಯುವವರಿಗೆ ಒಂದು ಮಾತು.

ಗೈಡುಗಳು ಬೆಳ್ಳಿಯನ್ನು ‘ದಾರಿ ತಪ್ಪಿದ ಮಗಳು’ ಎಂದು ಬರೆಯುತ್ತವೆ. ‘ಶೀಲ’ ಎಂಬ ಪದ ತಪ್ಪದೆ ಬರುತ್ತದೆ. ಇದನ್ನು ಓದುವಾಗಲೆಲ್ಲ ನನಗೆ ನೋವಾಗುತ್ತದೆ, ಯಾಕೆಂದರೆ ಹಾಸ್ಟೆಲಿನ ಹುಡುಗಿಯರು ಅದನ್ನು ಬಾಯಿಪಾಠ ಮಾಡಿ ತಮ್ಮ ಕೈಯಾರೆ ಬರೆಯುತ್ತಾರೆ. ಬೆಳ್ಳಿ ಬರುವ ಪುಟಗಳನ್ನು ಮಾತ್ರ ತೆಗೆದು ಎರಡು ಪಟ್ಟಿ ಮಾಡಿ: ಅವಳು ಮಾಡುವ ಕೆಲಸಗಳು ಒಂದು ಕಡೆ, ಬೇರೆಯವರು ಅವಳನ್ನು ನೋಡುವ ನೋಟಗಳು ಇನ್ನೊಂದು ಕಡೆ. ಮನೆ ನಡೆಸುವವಳು ಯಾರು? ಅಪ್ಪನ ಸಾಲಕ್ಕೆ ತೋಟ ಹತ್ತಿದವಳು ಯಾರು? ತೋಟದ ರೈಟರ್ ಮನ್ವೇಲನ ಕೈಯಲ್ಲಿ ಲೆಕ್ಕದ ಅಧಿಕಾರ ಇದ್ದಾಗ ಅವಳ ‘ಒಪ್ಪಿಗೆ’ ಎಂಬ ಮಾತಿಗೆ ಎಷ್ಟು ಅರ್ಥ ಉಳಿಯುತ್ತದೆ? ಪುಟಗಳು ಕೇಳುವ ಪ್ರಶ್ನೆಗೆ ಗೈಡು ತೀರ್ಪು ಕೊಟ್ಟುಬಿಟ್ಟಿದೆ.

ಹಾಗೆಯೇ ಚೋಮನ ಧಣಿ ಸಂಕಪ್ಪಯ್ಯ. ‘ಕ್ರೂರ ಜಮೀನ್ದಾರ’ ಎಂದು ಒಂದು ಗೆರೆಯಲ್ಲಿ ಮುಗಿಸುತ್ತಾರೆ. ಅವನಲ್ಲಿ ಒಂದು ಅಳುಕು ಇದೆ, ಅವನ ಮನೆಯಲ್ಲಿ ಸಂಪ್ರದಾಯದ ದನಿಯೊಂದಿದೆ. ಕ್ರೂರಿಯಲ್ಲದವನೂ ನೆಲ ಕೊಡಲಾರ ಎಂಬುದು ಕ್ರೌರ್ಯಕ್ಕಿಂತ ದೊಡ್ಡ ಸಂಗತಿ.

ಅಂಚಿನ ಜಗಳ: ‘ಎಲ್ಲಿ?’

ಈಗ ಗೈಡಿನ ವಿಮರ್ಶೆಯ ಪುಟಗಳನ್ನು ಪೂರ್ತಿ ಓದಿ, ಕೈಯಲ್ಲಿ ಪೆನ್ಸಿಲು ಇರಲಿ. ಪ್ರತಿ ಹೇಳಿಕೆಯ ಪಕ್ಕದಲ್ಲಿ ಒಂದು ಮಾತು ಬರೆಯಿರಿ. ‘ಹೌದು’ ಎನ್ನುವುದಾದರೆ ಕಾದಂಬರಿಯ ಪುಟಸಂಖ್ಯೆ ಬೇಕು. ‘ಇಲ್ಲ’ ಎನ್ನುವುದಾದರೂ ಪುಟಸಂಖ್ಯೆ ಬೇಕು. ಎರಡಕ್ಕೂ ಆಧಾರ ಸಿಗದಿದ್ದರೆ ‘ಎಲ್ಲಿ?’ ಎಂದು ಬರೆಯಿರಿ. ‘ಎಲ್ಲಿ?’ಗಳು ಹೆಚ್ಚಾದರೆ ಗಾಬರಿ ಬೇಡ, ನಿಮ್ಮ ಓದು ಸರಿಯಾದ ದಾರಿಯಲ್ಲಿದೆ.

ಒಂದು ಪ್ರಸಂಗವನ್ನಾದರೂ ಹೀಗೆ ವಾಕ್ಯ ವಾಕ್ಯವಾಗಿ ಬಿಡಿಸಿ. ಮತಾಂತರವಾಗಲು ಹೊರಟ ಚೋಮ ದಾರಿಯಲ್ಲಿ ತಿರುಗಿ ಬರುವ ಭಾಗಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮಿಷನರಿಗಳ ಕಡೆ ಹೋದರೆ ಉಳಲು ನೆಲ ಸಿಗುತ್ತದೆ ಎಂಬ ಆಸೆ ಅವನಿಗಿದೆ. ಜೀವಮಾನದ ಆಸೆಯದು. ಆದರೂ ತಿರುಗುತ್ತಾನೆ. ಗೈಡು ‘ದೈವಭಕ್ತಿ’ ಎನ್ನುತ್ತದೆ, ಇನ್ನೊಂದು ಗೈಡು ‘ಅಜ್ಞಾನ’ ಎನ್ನುತ್ತದೆ. ಆ ಪುಟದ ಕ್ರಿಯಾಪದಗಳಿಗೆಲ್ಲ ಸುತ್ತು ಹಾಕಿ: ಎಲ್ಲಿ ನಡೆಯುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಏನನ್ನು ನೋಡುತ್ತಾನೆ, ಏನು ನೆನಪಾಗುತ್ತದೆ. ನಿರೂಪಕ ಅವನ ಮನಸ್ಸಿನ ಒಳಗಿದ್ದಾನೆಯೇ, ಹೊರಗೆ ನಿಂತು ನೋಡುತ್ತಿದ್ದಾನೆಯೇ? ಈ ಕೊನೆಯ ಪ್ರಶ್ನೆ ಇಡೀ ಕಾದಂಬರಿಗೆ ಬೇಕಾದದ್ದು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಲೇಖಕ ಅಸ್ಪೃಶ್ಯನ ಒಳಗನ್ನು ಎಷ್ಟರಮಟ್ಟಿಗೆ ಕಂಡ? 1970ರ ದಶಕದ ದಲಿತ ಚಳವಳಿಯ ನಂತರ ಓದುವ ನಮಗೆ ಚೋಮನ ಸಿಟ್ಟು ಯಾಕೆ ಹೊರಗೆ ಹರಿಯದೆ ದುಡಿಯಲ್ಲೇ ಇಂಗಿತು ಎಂದು ಕೇಳುವ ಹಕ್ಕಿದೆ. ಕೇಳಿ. ಕಾರಂತರನ್ನು ಗೌರವಿಸುವುದಕ್ಕೂ ಈ ಪ್ರಶ್ನೆಗೂ ವಿರೋಧವಿಲ್ಲ.

ಉತ್ತರ ಬರೆಯುವಾಗ

ಪರೀಕ್ಷೆ ಇದೆ, ಅಂಕ ಬೇಕು, ಇದೆಲ್ಲ ಮಾಡಿದರೆ ಪ್ರಯೋಜನವೇನು ಎಂದು ಕೇಳುವವರಿಗೆ ತಿದ್ದುವವನಾಗಿ ಹೇಳುತ್ತೇನೆ: ಎಲ್ಲರೂ ಬರೆದ ವಾಕ್ಯದ ಮೇಲೆ ಕಣ್ಣು ನಿಲ್ಲುವುದಿಲ್ಲ. ಒಂದು ಪ್ರಸಂಗ ಹೇಳಿ, ಅದರಿಂದ ಒಂದು ಮಾತು ತೆಗೆಯುವ ಉತ್ತರಕ್ಕೆ ಕಣ್ಣು ನಿಲ್ಲುತ್ತದೆ. ‘ದುಡಿಯು ಪ್ರತಿಭಟನೆಯ ಸಂಕೇತ’ ಎಂಬುದರ ಜಾಗದಲ್ಲಿ ಹೀಗೆ ಬರೆದು ನೋಡಿ: ‘ಧಣಿಯ ಅಂಗಳದಲ್ಲಿ ಚೋಮನಿಗೆ ಮಾತು ಹೊರಡುವುದಿಲ್ಲ. ಗುಡಿಸಲಿಗೆ ಬಂದ ಮೇಲೆ ದುಡಿ ಕೈಗೆ ಬರುತ್ತದೆ. ಅಂಗಳದಲ್ಲಿ ಆಡಲಾಗದ್ದನ್ನು ಅವನು ತನ್ನವರ ನಡುವೆ ಬಾರಿಸುತ್ತಾನೆ. ಆದರೆ ಕುಡಿದು ಕುಣಿವ ಹೊತ್ತಿನಲ್ಲೂ ಅದೇ ದುಡಿ ಇದೆ. ಹಾಗಾಗಿ ಅದನ್ನು ನೋವಿನ ದನಿ ಎಂದಷ್ಟೇ ಹೇಳಲಾಗದು.’ ಐದು ವಾಕ್ಯ. ಗೈಡಿನ ಮಾತನ್ನು ಒಪ್ಪಿದೆ, ತಿದ್ದಿದೆ, ಪುಟಕ್ಕೆ ಕಟ್ಟಿಹಾಕಿದೆ. ಅಧ್ಯಾಪಕ ಅರ್ಹತೆಯ ನೆಟ್, ಕೆಸೆಟ್ ಪರೀಕ್ಷೆಗಳ ಆಯ್ಕೆ ಪ್ರಶ್ನೆಗಳಿಗೂ ಇಸವಿಗಳ ಆ ಉದ್ದ ಗೆರೆ ಸಾಕಷ್ಟು ನೆರವಾಗುತ್ತದೆ.

ನಾಳೆಯೇ ಪರೀಕ್ಷೆ, ಪುಸ್ತಕ ಇಂದು ಕೈಗೆ ಬಂತು ಎನ್ನುವವರು ಮೊದಲ ಕೆಲವು ಪುಟ, ಚೋಮ ದಾರಿಯಿಂದ ತಿರುಗುವ ಭಾಗ, ಕಿರಿಯ ಮಗ ನೀರಿನಲ್ಲಿ ಮುಳುಗುವ ಭಾಗ ಮತ್ತು ಕೊನೆಯ ಪುಟಗಳನ್ನು ನಿಧಾನವಾಗಿ ಓದಿ, ಉಳಿದದ್ದಕ್ಕೆ ಗೈಡಿನ ಸಾರಾಂಶ ನೋಡಿಕೊಳ್ಳಲಿ. ಮಗು ಮುಳುಗುವ ಭಾಗವನ್ನು ಒಬ್ಬರೇ ಓದಬೇಡಿ. ಹಾಸ್ಟೆಲಿನಲ್ಲಿ ನಾಲ್ವರು ಕುಳಿತು ಒಬ್ಬರು ಗಟ್ಟಿಯಾಗಿ ಓದಲಿ. ದಡದಲ್ಲಿ ಯಾರು ಯಾರು ಇದ್ದಾರೆ, ಯಾರ ಕೈ ಯಾಕೆ ಮುಂದೆ ಬರುವುದಿಲ್ಲ ಎಂಬುದು ಕಣ್ಣಿನ ಓದಿಗಿಂತ ಕಿವಿಯ ಓದಿನಲ್ಲಿ ಗಟ್ಟಿಯಾಗಿ ನಾಟುತ್ತದೆ.

ಬರೆದು ಅಳಿಸಿದ ಆ ವಿದ್ಯಾರ್ಥಿನಿಯನ್ನು ಮುಂದಿನ ವಾರ ಕರೆದು ದುಡಿಯ ಪಟ್ಟಿ ಮಾಡಿಸಿದೆ. ಕೊನೆಯ ಸಾಲಿನವರೆಗೆ ತುಂಬಿ ತಂದಳು. ಕೊನೆಯ ಸಾಲಿನಲ್ಲಿ, ದುಡಿ ನಿಂತುಹೋಗುವ ಪುಟದ ಎದುರು, ‘ಯಾರು ಕೇಳಿಸಿಕೊಳ್ಳುತ್ತಿದ್ದಾರೆ’ ಎಂಬ ಮನೆಯನ್ನು ಖಾಲಿ ಬಿಟ್ಟಿದ್ದಳು. ಮರೆತೆಯಾ ಎಂದು ಕೇಳಿದೆ. ‘ಇಲ್ಲ ಸರ್, ಅಲ್ಲಿ ನನ್ನ ಹೆಸರು ಬರೆಯಬಹುದೇ ಎಂದು ಕೇಳಬೇಕಿತ್ತು’ ಎಂದಳು.